ಗುಮ್ಮಟ ಮೊದಲು, ಪೆಡಲ್ ಆಮೇಲೆ

‘ವಿಜಯಪುರದ ಬಿಸಲಾಗ ರೊಕ್ಕ ಕೊಟ್ಟು ಸೈಕಲ್ ತುಳ್ಯಾಕ ಯಾರ್ ಬರ್ತಾರ್ರೀ?’ ಬಂದವರನ್ನು ಸೈಕಲ್ ಮೇಲೆ ಊರಿನ ಸ್ಮಾರಕಗಳಿಗೆ ಸುತ್ತಿಸುತ್ತೇವೆ ಅಂದಾಗ ಲಾಡ್ಜಿನವರು, ಟಾಂಗಾದವರು, ಕಡೆಗೆ ಸೈಕಲ್ ಮಂದಿ ಕೂಡ ಕೇಳಿದ್ದು ಇದನ್ನೇ. ಎರಡು ಸೀಸನ್ ಅವರ ಮಾತೇ ನಿಜವಾಯಿತು. ಮೂರನೆಯದರಲ್ಲಿ, ಅಕ್ಟೋಬರಿನಿಂದ ಫೆಬ್ರುವರಿ ತನಕ, ಎಪ್ಪತ್ತರ ಆಸುಪಾಸು ಸುತ್ತು ಹೋದವು. ಖರ್ಚು ಕಳೆದು ಕೈಯಲ್ಲಿ ರೊಕ್ಕವೂ ಉಳಿಯಿತು. ಪಂಕ್ಚರ್ ಹಾಕುವುದು, ಬ್ರೇಕ್ ಬಿಗಿ ಮಾಡುವುದು ಗೊತ್ತಿದ್ದು, ತಮ್ಮ ಊರಲ್ಲೂ ಇಂಥದೊಂದು ಮಾಡಬೇಕು ಅನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ಅಂಕಿಗಳು ನೆನಪಿನಿಂದ ಬಂದವು, ಹತ್ತಿಪ್ಪತ್ತು ರೂಪಾಯಿ ಆಚೀಚೆ ಇದ್ದಾವು.

ಮೊದಲು ದಾರಿ ತಪ್ಪಿದ್ದು ದಿಕ್ಕಿನಲ್ಲೇ. ದೊಡ್ಡದನ್ನು ಕೊನೆಗೆ ತೋರಿಸಬೇಕು ಅಂತ ಪಶ್ಚಿಮದ ಇಬ್ರಾಹಿಂ ರೋಜಾದಿಂದ ಹೊರಟು, ಊರು ಹಾಯ್ದು, ಒಂಬತ್ತೂವರೆಗೆ ಪೂರ್ವದ ಗೋಳಗುಮ್ಮಟ ಮುಟ್ಟುತ್ತಿದ್ದೆವು. ಹೋಗುವಷ್ಟು ಹೊತ್ತೂ ಸೂರ್ಯ ಕಣ್ಣಿಗೇ ಹೊಡೆಯುತ್ತಿದ್ದ. ಮುಟ್ಟಿದ ಮೇಲೆ ಮೂಲೆಯ ಗೋಪುರದೊಳಗಿನ ನೂರಕ್ಕೂ ಮಿಕ್ಕಿದ ಕಡಿದಾದ ಮೆಟ್ಟಿಲು. ಪೆಡಲ್ ತುಳಿದು ಬಂದ ಕಾಲು ನಾಲ್ಕನೇ ಅಂತಸ್ತಿಗೇ ಮೀನಖಂಡ ಹಿಡಿದು ನಿಲ್ಲುತ್ತಿತ್ತು. ಏದುಸಿರು ಬಿಡುತ್ತ ಮೇಲೆ ಹೋದರೆ ಅಲ್ಲಿ ಶಾಲಾ ಪ್ರವಾಸದ ಹುಡುಗರು. ಒಂದು ಕೂಗು ಏಳು ಸಲ ತಿರುಗಿ ಬರುವ ಜಾಗ ಅದು. ಇನ್ನೂರು ಹುಡುಗರು ಕೂಗಿದರೆ ಎಷ್ಟಾಯಿತು, ನೀವೇ ಗುಣಿಸಿಕೊಳ್ಳಿ. ಪಿಸುಮಾತು ಕೇಳಲು ಬಂದವರು ಕಿವಿ ಮುಚ್ಚಿಕೊಂಡು ಇಳಿಯುತ್ತಿದ್ದರು.

ಈಗ ಎಲ್ಲ ತಿರುವುಮುರುವು. ಐದೂ ಮುಕ್ಕಾಲಿಗೆ ಗುಮ್ಮಟದ ಗೇಟಿನ ಮುಂದೆ ಸೇರುವುದು, ಆರಕ್ಕೆ ಗೇಟು ತೆಗೆದ ಕೂಡಲೇ ಒಳಗೆ. ಟಿಕೆಟ್ ಕೌಂಟರಿನಲ್ಲಿ 25 ರೂಪಾಯಿ, ಹಿಂದಿನ ರಾತ್ರಿ ಫೋನಿನಲ್ಲಿ ತೆಗೆದಿಟ್ಟರೆ 20. ಐದು ರೂಪಾಯಿಗಿಂತ ಉಳಿಯುವ ಹೊತ್ತು ದೊಡ್ಡದು. ವಿದೇಶಿಯರ ಟಿಕೆಟ್ ದರವೇ ಬೇರೆ, ನೂರುಗಟ್ಟಲೆ. ಅದನ್ನು ನಿಮ್ಮ ದರದೊಳಗೆ ಸೇರಿಸಿಕೊಂಡರೆ ಕೈ ಸುಟ್ಟುಕೊಳ್ಳುತ್ತೀರಿ, ಅವರೇ ತೆಗೆಯಲಿ. ಮುಂದಿನ ನಗಾರಖಾನೆಯಲ್ಲಿರುವ ಮ್ಯೂಸಿಯಂ ಅಷ್ಟು ಬೆಳಿಗ್ಗೆ ತೆಗೆದಿರುವುದಿಲ್ಲ, ಶುಕ್ರವಾರವಂತೂ ರಜೆ. ಬುಕಿಂಗ್ ಮಾಡುವಾಗಲೇ ಇದನ್ನು ಹೇಳಿಬಿಡಿ, ಆಮೇಲೆ ತಕರಾರು ಬೇಡ.

ಆರೂಕಾಲಿಗೆ ಗುಮ್ಮಟದ ಒಳಸುತ್ತಿನ ಪಿಸುಮಾತಿನ ಗ್ಯಾಲರಿಯಲ್ಲಿರಬೇಕು. ಆ ಹೊತ್ತಿಗೆ ಅಲ್ಲಿ ಪಾರಿವಾಳ ಬಿಟ್ಟರೆ ಇನ್ನಾರೂ ಇರುವುದಿಲ್ಲ. ಎಂಟು ಮಂದಿಯನ್ನು ನಾಲ್ಕು ನಾಲ್ಕಾಗಿ ಒಡೆದು ಎದುರುಬದುರು ಕೂಡಿಸುತ್ತೇವೆ. ನಡುವೆ ಗುಮ್ಮಟದ ಒಳವ್ಯಾಸ, 38 ಮೀಟರಿನ ಹತ್ತಿರ. ನಿಂತು ಮಾತಾಡಿದರೆ ಆಟ ಕೆಡುತ್ತದೆ. ಗೋಡೆಗೆ ಮುಖ ಮಾಡಿ, ಬಾಯಿ ಗೋಡೆಗೆ ಒಂದು ಗೇಣು ದೂರದಲ್ಲಿಟ್ಟು, ಗಂಟಲಿನಿಂದಲ್ಲದೆ ಬರೀ ಉಸಿರಿನಿಂದ ಹೇಳಬೇಕು. ಕಾಗದ ಹರಿಯುವ ಸಪ್ಪಳ ಕೂಡ ಆಚೆಗೆ ಕೇಳುತ್ತದೆ. ಚಪ್ಪಾಳೆ, ಕೂಗು ಎಲ್ಲ ಕೊನೆಗೆ. ಮೊದಲೇ ಕೂಗಿಸಿದರೆ ಆ ಗದ್ದಲ ಇಳಿದು ಕಿವಿ ತಿಳಿಯಾಗಲು ನಿಮಿಷಗಟ್ಟಲೆ ಬೇಕು. ಕೂಡಿಸುವ ಜಾಗ ಗ್ಯಾಲರಿಯ ಯಾವ ಮಗ್ಗುಲಲ್ಲಿ ಅನ್ನುವುದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ನಾಲ್ಕು ದಿನ ಬೆಳಿಗ್ಗೆ ಹೋಗಿ ಕೂತರೆ ನಿಮಗೂ ಸಿಗುತ್ತದೆ.

ಆಮೇಲೆ ಹೊರಗಿನ ಮಾಳಿಗೆಗೆ. ಸೂರ್ಯ ಬೆನ್ನಿಗೆ, ಊರೆಲ್ಲ ಮುಂದೆ ಬೆಳಕಿನಲ್ಲಿ. ಜುಮ್ಮಾ ಮಸೀದಿಯ ಗುಮ್ಮಟ, ಬಾರಾ ಕಮಾನಿನ ಕಮಾನುಗಳು, ಉಪ್ಪಲಿ ಬುರುಜು, ಹವೆ ತಿಳಿ ಇದ್ದರೆ ದೂರದಲ್ಲಿ ಇಬ್ರಾಹಿಂ ರೋಜಾದ ಮಿನಾರು. ಮುಂದಿನ ಎರಡು ತಾಸಿನ ದಾರಿಯನ್ನು ಬೆರಳು ಚಾಚಿ ತೋರಿಸಿದರೆ ಮುಗಿಯಿತು, ಮ್ಯಾಪು ಬೇಡ. ಮೊದಲು ಒಂದು ಸೀಸನ್ ಚಂದದ ಮ್ಯಾಪು ಅಚ್ಚು ಹಾಕಿಸಿ ಮೂರು ಸಾವಿರ ಕಳೆದಿದ್ದೆವು. ಬಂದವರು ಅದನ್ನು ಮಡಚಿ ಬೀಸಿಕೊಂಡರು.

ಸ್ಮಾರಕದೊಳಗೆ ವಿವರಣೆಗೆ ಲೈಸೆನ್ಸ್ ಇರುವ ಗೈಡನ್ನೇ ಹಿಡಿಯಿರಿ. ನೀವೇ ಭಾಷಣ ಹೊಡೆಯಲು ಹೋಗಬೇಡಿ. ಅವರ ಹೊಟ್ಟೆಪಾಡು ಅದು, ಮೇಲಾಗಿ ಜಗಳ ಗೇಟಿನಲ್ಲೇ ಶುರುವಾಗುತ್ತದೆ. ಆರರ ಹೊತ್ತಿಗೆ ಬರುವ ಗೈಡಿಗೆ ಸುಮಾರು 600 ಕೊಡುತ್ತೇವೆ. ಬೇರೆ ಗಿರಾಕಿ ಬರುವ ಮೊದಲೇ ಅವರಿಗೆ ಒಂದು ಬೋಣಿಗೆ ಆಗಿರುತ್ತದೆ.

ಇಲ್ಲಿ ಇನ್ನೊಂದು ಕೆಲಸ ಉಳಿಸಿದ್ದೇವೆ. ಸೀಟಿನ ಎತ್ತರ ಹೊಂದಿಸಲು ಎಂಟು ಮಂದಿಗೆ ಇಪ್ಪತ್ತು ನಿಮಿಷ ಹೋಗುತ್ತಿತ್ತು. ಈಗ ಗೇಟಿನ ಮುಂದೆ ಒಂದೇ ಸೈಕಲ್ ನಿಲ್ಲಿಸಿ, ಒಬ್ಬೊಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿ, ಸೊಂಟದ ಎಲುಬಿಗಿಂತ ಎರಡು ಬೆರಳು ಕೆಳಗೆ ಸೀಟು ಬರುವಂತೆ ನೋಡಿ ಬಣ್ಣ ಬರೆದುಕೊಳ್ಳುತ್ತೇವೆ. ಸೀಟಿನ ಪೈಪಿಗೆ ಕೆಂಪು, ಹಳದಿ, ಬಿಳಿ ಪಟ್ಟಿ ಹೊಡೆದಿದೆ. ಅವರು ಗುಮ್ಮಟ ಹತ್ತಿ ಇಳಿಯುವಷ್ಟರಲ್ಲಿ ಹಿಂಬಾಲಿನ ಹುಡುಗ (ಗುಂಪಿನ ಕೊನೆಗೆ ಬರುವವನು) ಶೆಡ್ಡಿನಿಂದ ಸೈಕಲ್ ತಂದು, ಸೀಟು ಬಿಗಿದು, ಸಾಲಾಗಿ ನಿಲ್ಲಿಸಿರುತ್ತಾನೆ. ಒಳಗೆ ಸೈಕಲ್ ಬಿಡುವುದಿಲ್ಲ. ಮೊದಲಿನಂತೆ ಹೊರಗೆ ಕಾಯುವ ಗೋಜು, ಪಾರ್ಕಿಂಗ್ ಕಿರಿಕಿರಿ ಎರಡೂ ಇದರಿಂದ ತಪ್ಪಿದವು.

ಈಗ ಸೈಕಲ್ಲಿನ ವಿಷಯ. ನಮ್ಮ ರೊಕ್ಕ ಹೆಚ್ಚು ಮುಳುಗಿದ್ದು ಇದರಲ್ಲೇ.

ಮೊದಲ ಖರೀದಿ 21 ಗೇರಿನವು. ಊರು ಸಪಾಟು, ಗೇರಿನ ಕೆಲಸವೇ ಇಲ್ಲ. ಸಾಲಾಗಿ ನಿಲ್ಲಿಸಿದ್ದು ಒಂದರ ಮೇಲೊಂದು ಬಿದ್ದು ಹಿಂದಿನ ಡಿರೇಲರಿನ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಕೊಂಡಿ ಸೊಟ್ಟಗಾಗುತ್ತದೆ, ಗೇರು ಬದಲಿಸಿದಾಗ ಡಿರೇಲರ್ ಹೋಗಿ ಸ್ಪೋಕಿಗೆ ಸಿಗುತ್ತದೆ. ಎಂಟರಲ್ಲಿ ಐದಕ್ಕೆ ಹೀಗಾಯಿತು. ಅರ್ಧ ಬೆಲೆಗೆ ಮಾರಿ, ಸಿಂಗಲ್ ಸ್ಪೀಡಿನ ಹತ್ತು ತಂದೆವು. ಎಲ್ಲವೂ ನಡುವೆ ದಂಡ ಇಲ್ಲದ ಲೇಡೀಸ್ ಫ್ರೇಮ್, ಒಂದಕ್ಕೆ ಸುಮಾರು 7,500. ಸೀರೆಯವರಿಗೂ ಸೈ, ಐದಡಿಯವರಿಗೂ ಸೈ, ಆರಡಿಯವರಿಗೂ ಸೈ. ಗಂಡಸರು ‘ಇದು ಹೆಣ್ಣಮಕ್ಕಳ ಸೈಕಲ್ರೀ’ ಅಂತ ಮೂಗು ಮುರಿದರು. ಎಲ್ಲಕ್ಕೂ ಕಪ್ಪು ಬಣ್ಣ ಹೊಡೆಸಿ, ಬುಟ್ಟಿ ತೆಗೆದು, ಹಿಂದೆ ನಂಬರ್ ಬರೆಸಿದೆವು. ಅದಾದ ಮೇಲೆ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಹಿಂದಿನ 18 ಹಲ್ಲಿನ ಫ್ರೀವ್ಹೀಲ್ (ಹಿಂಗಾಲಿಯ ಹಲ್ಲುಚಕ್ರ) ತೆಗೆದು 20 ಹಲ್ಲಿನದು ಹಾಕಿಸಿ, ಮಳೆಗಾಲದ ಎದುರುಗಾಳಿಗೆ ಅದು ಬೇಕು. ಪೂರ್ತಿ ಚೈನ್ ಕವರ್ ಇರಲೇಬೇಕು, ಇಲ್ಲದಿದ್ದರೆ ಗಾಂಧಿ ಚೌಕಿನ ಟ್ರಾಫಿಕ್ಕಿನ ನಡುವೆಯೇ ವೇಲು ಸಿಕ್ಕಿಕೊಳ್ಳುತ್ತದೆ.

ನಿಜವಾದ ವೈರಿ ಮುಳ್ಳು. ಕೋಟೆ ಗೋಡೆಯ ಬುಡ, ಕಂದಕದ ದಂಡೆ, ಬಾವಡಿಯ ಸುತ್ತ ಎಲ್ಲಾ ಕಡೆ ಬಳ್ಳಾರಿ ಜಾಲಿ. ಮಳೆ ನಿಂತ ಮೇಲೆ ನೆಲಕ್ಕೆ ಹಬ್ಬಿದ ನೆಗ್ಗಿಲು. ಜಾಲಿ ಮುಳ್ಳು ಕಣ್ಣಿಗೆ ಬೀಳುತ್ತದೆ, ನೆಗ್ಗಿಲು ಬೀಳುವುದಿಲ್ಲ. ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ನಿಲ್ಲುವಂಥ ಕಾಯಿ ಅದು. ಮೊದಲ ನವೆಂಬರಿನಲ್ಲಿ ಒಂದೇ ಸುತ್ತಿಗೆ ಆರು ಪಂಕ್ಚರ್.

ಮಾಡಿದ್ದು ಇಷ್ಟು. ಹಳೆಯ ಸವೆದ ಟಯರಿನ ಎರಡೂ ಬದಿಯ ತಂತಿಯಂಚು ಕತ್ತರಿಸಿ, ಉಳಿದ ಪಟ್ಟಿಯನ್ನು ಹೊಸ ಟಯರಿನೊಳಗೆ ಗೇಟರ್ ಥರ, ಅಂದರೆ ಟಯರಿಗೂ ಟ್ಯೂಬಿಗೂ ನಡುವಿನ ಒಳಪದರವಾಗಿ ಕೂಡಿಸಬೇಕು. ಬರೀ ಕತ್ತರಿಸಿ ಹಾಕಿದರೆ ಅದರ ಅಂಚೇ ಟ್ಯೂಬನ್ನು ಉಜ್ಜಿ ಉಜ್ಜಿ ತಿಂಗಳೊಳಗೆ ತೂತು ಮಾಡುತ್ತದೆ, ಮುಳ್ಳೇ ಬೇಕಿಲ್ಲ. ಅಂಚನ್ನು ಕಲ್ಲಿಗೆ ತಿಕ್ಕಿ ತೆಳ್ಳಗೆ ಮಾಡಿ, ಎರಡು ತುದಿ ಕೂಡುವಲ್ಲಿ ಎರಡಿಂಚು ಮೇಲುಹಾಕಿ, ಆ ಜಾಗಕ್ಕೆ ಹಳೆ ಟ್ಯೂಬಿನ ತುಂಡು ಅಂಟಿಸಿ, ಒಳಗೆಲ್ಲ ಪೌಡರ್ ಎರಚಬೇಕು. ಗಾಲಿಗೆ ಪಾವು ಕಿಲೋ ತೂಕ ಏರುತ್ತದೆ. ಹದಿನೈದು ಕಿಲೋಮೀಟರಿನ ಸುತ್ತಿಗೆ ಯಾರಿಗೂ ಗೊತ್ತಾಗುವುದಿಲ್ಲ.

ಜೊತೆಗೆ ಟ್ಯೂಬಿಗೆ ಸೀಲೆಂಟ್ (ಸಣ್ಣ ತೂತು ಬಿದ್ದರೆ ಒಳಗಿನಿಂದಲೇ ಮುಚ್ಚುವ ದ್ರವ), 26 ಇಂಚಿನದಕ್ಕೆ 100ರಿಂದ 120 ಮಿಲಿ. ಇದಕ್ಕೆ ಹಳೆ ರಬ್ಬರ್ ನಳಿಗೆಯ ವಾಲ್ವ್ ಬೇಡ. ಬಿಸಿಲಿಗೆ ಆ ರಬ್ಬರ್ ಅಂಟಿ ಹರಿಯುತ್ತದೆ, ಸೀಲೆಂಟ್ ಹೋಗಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಮೋಟರ್‌ಸೈಕಲ್ ಥರದ ವಾಲ್ವ್ ಇರುವ ಟ್ಯೂಬ್ ತೊಗೊಳ್ಳಿ. ರಿಮ್ಮಿನ ತೂತು ಅದಕ್ಕೂ ಸರಿಹೋಗುತ್ತದೆ, ಕೊರೆಯಬೇಕಿಲ್ಲ. ಗಾಳಿಯನ್ನೂ ಯಾವ ಪೆಟ್ರೋಲ್ ಬಂಕಿನಲ್ಲಾದರೂ ಹೊಡೆಸಬಹುದು. ನಮ್ಮ ಬಿಸಿಲಿಗೆ ಸೀಲೆಂಟ್ ಎರಡು ಮೂರು ತಿಂಗಳಲ್ಲಿ ಒಣಗಿ ಒಳಗೆ ಗುಂಡಾಗಿ ಉರುಳುತ್ತದೆ. ಗಾಲಿ ತಿರುಗಿಸಿದರೆ ಸಪ್ಪಳವೇ ಹೇಳುತ್ತದೆ. ಸೀಲೆಂಟಿಗೆ ನಾವು ಬೆರೆಸುವುದು ಒಂದಿದೆ, ಅದನ್ನು ಇನ್ನೂ ಒಂದು ಬೇಸಿಗೆ ನೋಡಿ ಹೇಳುತ್ತೇನೆ. ಗೇಟರ್, ಸೀಲೆಂಟ್, ಟ್ಯೂಬ್, ಫ್ರೀವ್ಹೀಲ್, ಕೂಲಿ ಸೇರಿ ಸೈಕಲ್ಲಿಗೆ 1,100ರ ಹತ್ತಿರ ಬಿತ್ತು. ಹೋದ ಸೀಸನ್ನಿನಲ್ಲಿ ದಾರಿಯ ನಡುವೆ ಇಳಿದ ಟ್ಯೂಬ್ ಒಟ್ಟು ನಾಲ್ಕು. ನಾಲ್ಕರಲ್ಲಿ ಮೂರು ಹಳೆ ಪ್ಯಾಚ್ ಬಾಯಿ ಬಿಟ್ಟಿದ್ದು: ಬಿಸಿಲಲ್ಲಿ ನಿಲ್ಲಿಸಿದರೆ ಸೊಲ್ಯೂಶನ್ ಮೆತ್ತಗಾಗುತ್ತದೆ. ಆದ್ದರಿಂದ ಗಾಳಿ 40 ಪಿಎಸ್‌ಐಗೆ ನಿಲ್ಲಿಸಿ, ಮೂರು ಪ್ಯಾಚ್ ಬಿದ್ದ ಟ್ಯೂಬನ್ನು ತೆಗೆದೇ ಬಿಡಿ.

ಚೈನಿಗೆ ಹಳೆ ಎಂಜಿನ್ ಆಯಿಲ್ ಹಾಕಿದರೆ ನಮ್ಮ ಕರಿಮಣ್ಣಿನ ಧೂಳು ಕೂಡಿ ಮಸಿ ಅರೆದ ಹಾಗಾಗುತ್ತದೆ. ಹೊಲಿಗೆ ಮಶೀನಿನ ಎಣ್ಣೆ, ಕೊಂಡಿಗೊಂದು ಹನಿ, ಹತ್ತು ನಿಮಿಷ ಬಿಟ್ಟು ಒರೆಸಿಬಿಡುವುದು. ಮೇಣ ಕರಗಿಸಿ ಅದರಲ್ಲಿ ಚೈನು ಅದ್ದಿಯೂ ನೋಡಿದ್ದಾಯಿತು. ಕೈಗೆ ಮಸಿ ಹತ್ತುವುದಿಲ್ಲ, ಬಲು ಚಂದ, ಆದರೆ ಒಂದು ಮಳೆಗೆ ತುಕ್ಕು.

ದಾರಿ ಹೀಗೆ: ಏಳೂಕಾಲಿಗೆ ಗುಮ್ಮಟದಿಂದ ಜುಮ್ಮಾ ಮಸೀದಿ, ಮೆಹತರ್ ಮಹಲ್, ಅಸರ್ ಮಹಲ್, ಗಗನ ಮಹಲ್, ಬಾರಾ ಕಮಾನು, ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ್ ತೋಪು (ಫಿರಂಗಿ), ತಾಜ್ ಬಾವಡಿ, ಕೊನೆಗೆ ಇಬ್ರಾಹಿಂ ರೋಜಾ. ಎಲ್ಲ ಕಡೆ ಇಳಿಸಬೇಡಿ. ಮೊದಲು ಒಂಬತ್ತೂ ಕಡೆ ಇಳಿಸಿ ಹತ್ತು ಹತ್ತು ನಿಮಿಷ ಹೇಳುತ್ತಿದ್ದೆವು, ಐದನೆಯದಕ್ಕೇ ಮಂದಿ ಆಕಳಿಸುತ್ತಿದ್ದರು. ಈಗ ಇಳಿಯುವುದು ನಾಲ್ಕೇ ಕಡೆ, ಉಳಿದವನ್ನು ತುಳಿಯುತ್ತಲೇ ತೋರಿಸುವುದು. ಬಾರಾ ಕಮಾನಿನಲ್ಲಿ ನೆರಳು, ಫೋಟೋ. ಎರಡನೇ ಅಲಿ ಆದಿಲಶಾಹನ ಅರ್ಧಕ್ಕೇ ನಿಂತ ಗೋರಿ ಅದು. ಅವನ ಅಪ್ಪ ಮಹಮ್ಮದ ಆದಿಲಶಾಹನ ಗೋರಿಯಾದ ಗೋಳಗುಮ್ಮಟವನ್ನು ಆಗಷ್ಟೇ ಹತ್ತಿ ಇಳಿದವರಿಗೆ ಅದರ ಅಳತೆ ತಾನಾಗೇ ತಿಳಿಯುತ್ತದೆ, ನಾವು ಬಾಯಿ ತೆರೆಯಬೇಕಿಲ್ಲ. ಉಪ್ಪಲಿ ಬುರುಜು 80 ಅಡಿ, ಹೊರಗಿನಿಂದ ಸುತ್ತು ಮೆಟ್ಟಿಲು. ಹೆಲ್ಮೆಟ್ ಕೆಳಗೇ ಬಿಡಿಸಿ, ಒಬ್ಬರ ಹಿಂದೆ ಒಬ್ಬರನ್ನು ಗೋಡೆ ಕಡೆಯಿಂದ ಹತ್ತಿಸಿ. ತೋಪು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, 55 ಟನ್. ಬಡಿದರೆ ಗಂಟೆಯ ಹಾಗೆ ಕೇಳುತ್ತದೆ ಅಂತ ಎಲ್ಲರಿಗೂ ಕೈ ತುರಿಸುತ್ತದೆ, ಬಡಿಯಲು ಬಿಡಬೇಡಿ.

ತಾಜ್ ಬಾವಡಿ, ಇಬ್ರಾಹಿಂ ರೋಜಾ ಎರಡನ್ನೂ ಬೆನ್ನಿಗೆ ಬೆನ್ನಿಟ್ಟದ್ದು ಬೇಕಂತಲೇ. ಎರಡಕ್ಕೂ ಕಟ್ಟಿದವನೆಂದು ಮಲಿಕ್ ಸಂದಲನ ಹೆಸರು, ಎರಡರ ಹಿಂದೆಯೂ ಸುಲ್ತಾನ ಎರಡನೇ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾ. ನೀರು ನೋಡಿ, ಆಮೇಲೆ ಗೋರಿ ನೋಡುವುದು. ಅಸರ್ ಮಹಲಿನೊಳಗೆ ಹೆಂಗಸರನ್ನು ಬಿಡುವುದಿಲ್ಲ. ಬಾಗಿಲಿಗೆ ಹೋದ ಮೇಲೆ ಇದು ಗೊತ್ತಾದರೆ ಇಡೀ ಗುಂಪಿನ ಮುಖ ಗಂಟಾಗುತ್ತದೆ. ಅದಕ್ಕೆ ನಾವು ಹೊರಗಿನ ಹೊಂಡದ ಹತ್ತಿರವೇ ನಿಂತು ಮುಂದೆ ಸಾಗುತ್ತೇವೆ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಸುತ್ತೇ ಬೇಡ, ಸೈಕಲ್ ನುಗ್ಗಲು ಜಾಗ ಇರುವುದಿಲ್ಲ.

ಗುಂಪು ಎಂಟಕ್ಕೆ ನಿಲ್ಲಬೇಕು. ಹದಿನಾರನ್ನು ಒಮ್ಮೆ ಒಯ್ದಾಗ ಮುಂದಿನವರು ಬಾರಾ ಕಮಾನು ಮುಟ್ಟಿದ್ದರೂ ಹಿಂದಿನವರು ಮಾರ್ಕೆಟಿನಲ್ಲೇ ಇದ್ದರು, ಇಬ್ಬರು ಹೂವಿನಂಗಡಿ ಕಡೆ ತಿರುಗಿ ಕಾಣೆ. ಮುಂದೊಬ್ಬ, ಹಿಂದೊಬ್ಬ, ನಡುವೆ ಎಂಟು. ಚೌಕಿನಲ್ಲಿ ಎಲ್ಲರೂ ಇಳಿದು ತಳ್ಳಿಕೊಂಡು ದಾಟುವುದು.

ಲೆಕ್ಕಕ್ಕೆ ಬರೋಣ. ತಲೆಗೆ 300 ಇಟ್ಟಾಗ ಬುಕಿಂಗ್ ಬಹಳ, ಉಳಿತಾಯ ಸೊನ್ನೆ. ಈಗ 650. ಎಂಟು ಮಂದಿಗೆ 5,200 ಬರುತ್ತದೆ. ಗುಮ್ಮಟ, ರೋಜಾ ಎರಡರ ಟಿಕೆಟ್ 400, ಗೈಡ್ 600, ಹಿಂಬಾಲಿನ ಹುಡುಗ 400, ನಾಷ್ಟಾ ಚಾ ಹತ್ತು ಜನಕ್ಕೆ 600, ನೀರು ಮಜ್ಜಿಗೆ 200, ಸೈಕಲ್ ರಿಪೇರಿಗೆ ಎತ್ತಿಡುವುದು 400, ಶೆಡ್ಡು ಅದೂ ಇದೂ 150, ಲಾಡ್ಜಿನವರ ಕಮಿಷನ್ 260. ಉಳಿಯುವುದು 2,200ರ ಆಸುಪಾಸು. ನಾಲ್ಕು ಮಂದಿ ಬಂದರೆ 400 ಉಳಿದರೆ ಹೆಚ್ಚು, ಮೂರು ಬಂದರೆ ಕೈಯಿಂದಲೇ ಹೋಗುತ್ತದೆ. ನಾಲ್ಕು ಇಲ್ಲದಿದ್ದರೆ ಸುತ್ತು ಇಲ್ಲ ಅಂತ ಮೊದಲೇ ಬರೆದುಬಿಡಿ.

ದರ ಏರಿಸಿದರೂ ಮಂದಿ ಬಂದದ್ದಕ್ಕೆ ಟಾಂಗಾ ಕಾರಣ. ಗುಂಪಿನ ಸೈಕಲ್ ತಾಸಿಗೆ ಎಂಟು ಹತ್ತು ಕಿಲೋಮೀಟರಿಗಿಂತ ಜೋರು ಹೋಗುವುದಿಲ್ಲ, ಟಾಂಗಾದ ವೇಗವೂ ಹೆಚ್ಚುಕಡಿಮೆ ಅಷ್ಟೇ. ಮಕ್ಕಳು ಸೈಕಲ್ ಮೇಲೆ, ಅಜ್ಜ ಅಜ್ಜಿ ಟಾಂಗಾದಲ್ಲಿ, ಕೆಟ್ಟ ಸೈಕಲ್ಲಿಗೂ ಅದೇ ಗಾಡಿ. ಟಾಂಗಾದ ಬಾಡಿಗೆ ಮನೆಯವರೇ ಬೇರೆ ಕೊಡುತ್ತಾರೆ, ನಾವು ಅದರಲ್ಲಿ ಪೈಸೆ ಮುಟ್ಟುವುದಿಲ್ಲ. ಬೆಲ್ಲು ಮಾತ್ರ ಕುದುರೆಯ ಹಿಂದೆ ಬಾರಿಸಬಾರದು, ಹದಿನೈದು ಅಡಿ ಬಿಟ್ಟೇ ಬರಬೇಕು. ಎಲ್ಲರಿಗಿಂತ ಮೊದಲು ನಕ್ಕ ಟಾಂಗಾದವರು ಈಗ ಶನಿವಾರ ರಾತ್ರಿ ತಾವೇ ಫೋನ್ ಮಾಡಿ ‘ನಾಳಿಗಿ ಎಷ್ಟ್ ಮಂದಿರೀ?’ ಅನ್ನುತ್ತಾರೆ.

ಬೇರೆ ಪ್ರಯೋಗಗಳೂ ನಡೆದಿವೆ. ಕುಮಟಗಿಯ ನೀರಿನ ಮಹಲಿಗೆ ಸಿಂದಗಿ ರಸ್ತೆ ಹಿಡಿದು ಹೋಗುವುದು ಸುಲಭ, ಹನ್ನೊಂದರ ಬಿಸಿಲಲ್ಲಿ ಲಾರಿಗಳ ನಡುವೆ ವಾಪಸ್ ಬರುವುದು ಬೇಡವೇ ಬೇಡ, ಬಿಟ್ಟೆವು. ಬ್ಯಾಟರಿ ಸೈಕಲ್ ಎರಡು ಬಾಡಿಗೆಗೆ ತಂದದ್ದು ಉಳಿದವರನ್ನು ಹಿಂದೆ ಹಾಕಿ ಓಡಿ ಗುಂಪೇ ಮುರಿಯಿತು. ತೊರವಿಯ ದಾರಿ ಮಾತ್ರ ಕೈಬಿಟ್ಟಿಲ್ಲ. ಎರಡನೇ ಇಬ್ರಾಹಿಂ 1599ರಲ್ಲಿ ಕಟ್ಟಿಸಲು ಶುರುಮಾಡಿದ ನವರಸಪುರದ ಸಂಗೀತ ಮಹಲ್, ತೊರವಿ ನರಸಿಂಹನ ಗುಡಿ ಎರಡೂ ಆ ಕಡೆಗೇ. ಹೋಗಿ ಬರುವುದಕ್ಕೆ ಇನ್ನೂ ಒಂದೂವರೆ ತಾಸು ಬೇಕು, ದಾರಿಯುದ್ದಕ್ಕೂ ಜಾಲಿ. ಎರಡು ಸೈಕಲ್ಲಿಗೆ ಡಬಲ್ ಗೇಟರ್ ಹಾಕಿ ವಾರಕ್ಕೊಮ್ಮೆ ಹುಡುಗನನ್ನು ಆ ದಾರಿಗೆ ಬಿಟ್ಟಿದ್ದೇವೆ. ಇದುವರೆಗೆ ಹನ್ನೊಂದು ಸಲ ಹೋಗಿದ್ದಾನೆ, ಎರಡು ಸಲ ತಳ್ಳಿಕೊಂಡು ಬಂದಿದ್ದಾನೆ.