ಡಾಕ್ಟರರಿಗೆ ಕೊಡುವ ಚೀಟಿ

ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ ತೋಟ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅಣ್ಣ ತೋಟಕ್ಕೆ ಇಳಿಯುವುದನ್ನೇ ಬಿಟ್ಟ. ಮೈಗಳ್ಳತನ ಅಂದುಕೊಂಡೆವು. ಆಮೇಲೆ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದೆವು, ನೂಲು ಕಟ್ಟಿಸಿದೆವು. ಅದಕ್ಕೆ ನನ್ನ ತಕರಾರಿಲ್ಲ, ಎರಡು ತಿಂಗಳು ಸುಮ್ನೆ ಹೋಯಿತಲ್ಲ ಎಂದು ಬೇಜಾರು.

ಕೊನೆಗೆ ಮನೋವೈದ್ಯರ ಹತ್ತಿರ ಹೋದೆವು. ಅವರು ಮಲಯಾಳದಲ್ಲಿ "ವಿಷಮಂ ಉಂಡೋ?" ಎಂದು ಕೇಳಿದರು. ಬೇಜಾರು ಉಂಟಾ ಎಂದು ಅರ್ಥ. ಅಣ್ಣನಿಗೆ ಕೇಳಿಸಿದ್ದು 'ವಿಷ' ಮಾತ್ರ. "ಅಯ್ಯೋ, ನಾನು ಎಂತದೂ ಕುಡಿಯಲಿಲ್ಲ" ಎಂದು ಎದ್ದೇ ನಿಂತ. ಪೇಟೆಯಲ್ಲಿ ಮೀನಿಗೆ ಚೌಕಾಶಿ ಮಾಡುವಷ್ಟು ಮಲಯಾಳ ನಮಗೆಲ್ಲ ಬರುತ್ತದೆ. ಮನಸ್ಸಿನ ವಿಷಯ ಹೇಳಲು ಅದು ಸಾಲುವುದಿಲ್ಲ.

ಹಾಗಾಗಿ ಹೋಗುವ ಮುಂಚೆ ಒಂದು ಚೀಟಿ ಬರೆಯಿರಿ. ಮಲಯಾಳ ಬರೆಯಲು ಬರುವ ಮಕ್ಕಳು ಮನೆಯಲ್ಲಿದ್ದರೆ ಅವರಿಂದ ಬರೆಸಿ. "ಮಂಡೆ ಸರಿ ಇಲ್ಲ" ಎಂದು ಬರೆದರೆ ಪ್ರಯೋಜನವಿಲ್ಲ, ಕಣ್ಣಿಗೆ ಕಂಡದ್ದನ್ನು ಬರೆಯಿರಿ. ಎರಡನೇ ಸಲ ಹೋಗುವಾಗ ನಾನು ಬರೆದದ್ದು ಹೀಗೆ: ರಾತ್ರಿ 3 ಗಂಟೆಗೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ಗಂಜಿ ಅರ್ಧ ಬಟ್ಟಲು. ಸ್ನಾನಕ್ಕೆ ಹತ್ತು ಸಲ ಹೇಳಬೇಕು. ತಾಳಮದ್ದಳೆ ಎಂದರೆ ಓಡುತ್ತಿದ್ದವನು, ಪಕ್ಕದ ಮನೆಯಲ್ಲೇ ಆದರೂ ಹೋಗಲಿಲ್ಲ.

ಯಾವಾಗಿನಿಂದ ಎಂಬುದನ್ನು ಮರೆಯಬೇಡಿ. ಇಂಥದ್ದು ಎರಡು ವಾರ ಬಿಡದೆ ಇದ್ದರೆ ಖಿನ್ನತೆ ಇರಬಹುದು, ತೋರಿಸಲೇಬೇಕು. ಕುಡಿತ ಇದ್ದರೆ ಮುಚ್ಚಿಡಬೇಡಿ. ಈಗ ತಿನ್ನುವ ಮಾತ್ರೆಗಳ ಹೆಸರೂ ಇರಲಿ. ಥೈರಾಯ್ಡ್ ಕಡಿಮೆಯಾದರೂ ಹೀಗೇ ಕಾಣಬಹುದು, ರಕ್ತ ಪರೀಕ್ಷೆಗೆ ಬರೆದುಕೊಟ್ಟರೆ ಗೊಣಗಬೇಡಿ.

ಬರಲು ಒಪ್ಪದಿದ್ದರೆ? "ನಿದ್ದೆ ಇಲ್ಲವಲ್ಲ, ಅದಕ್ಕೊಮ್ಮೆ ತೋರಿಸಿ ಬರುವ" ಎನ್ನಿ. ಸುಳ್ಳೇನಲ್ಲ ಅಲ್ವಾ?

"ಬದುಕಿ ಎಂತ ಪ್ರಯೋಜನ" ಎಂಬ ಮಾತು ಬಂದರೆ ಚೀಟಿಗೀಟಿ ಎಂದು ಕಾಯಬೇಡಿ. ಸಾಯುವ ಯೋಚನೆ ಬರ್ತದಾ ಎಂದು ನೇರ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ವಿಷಕ್ಕೆ ಬೀಗ ಹಾಕಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಡುರಾತ್ರಿ ಏನು ಮಾಡುವುದೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸಹಾಯವಾಣಿ, 2022ರಲ್ಲಿ ಸರಕಾರ ಶುರುಮಾಡಿದ್ದು. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಅಣ್ಣ ಹತ್ತನೇ ದಿನಕ್ಕೇ "ಇದರಿಂದ ಎಂತದೂ ಆಗ್ಲಿಕ್ಕಿಲ್ಲ" ಎಂದು ಎತ್ತಿಟ್ಟಿದ್ದ. ಅತ್ತಿಗೆ ಬಿಡಲಿಲ್ಲ. ಡಿಸೆಂಬರಿನಲ್ಲಿ ಒಂದು ದಿನ ಅಂಗಳಕ್ಕೆ ಬಂದು, ಅಡಿಕೆ ಸರಿಯಾಗಿ ಹರವಿಲ್ಲ ಎಂದು ನನಗೇ ಬೈದ.