ಬೇಸಿಗೆ ರಜೆಯಲ್ಲಿ ಮಕ್ಕಳ ಓದು ನಿಲ್ಲದಂತೆ ನೋಡಿಕೊಳ್ಳುವ ಬಗೆ

ಏಪ್ರಿಲ್ ಎರಡನೇ ವಾರದಲ್ಲಿ ಫಲಿತಾಂಶ ಕೈಗೆ ಬಂದ ಮೇಲೆ, ಮೇ ಕೊನೆಯ ವಾರದಲ್ಲಿ ಶಾಲೆ ಮತ್ತೆ ತೆರೆಯುವವರೆಗೆ ನಮ್ಮ ಮಕ್ಕಳಿಗೆ ಸುಮಾರು ಏಳು ವಾರಗಳ ಬಿಡುವು ಸಿಗುತ್ತದೆ. ಅಷ್ಟು ದಿನ ಪುಸ್ತಕವನ್ನೇ ಮುಟ್ಟದ ಮಗು ಜೂನ್‌ನಲ್ಲಿ ಓದಲು ಕುಳಿತಾಗ ಮೊದಲು ತಡವರಿಸುವುದು ಒತ್ತಕ್ಷರಗಳಲ್ಲಿ. ಎರಡನೇ, ಮೂರನೇ ತರಗತಿ ಮುಗಿಸಿದವರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಕಾಗುಣಿತ ಕೈವಶವಾಗಿ, ಒತ್ತಕ್ಷರಗಳು ಇನ್ನೂ ಕಣ್ಣಿಗೆ ಒಗ್ಗುತ್ತಿರುವ ಹೊತ್ತಿನಲ್ಲೇ ಅವರಿಗೆ ರಜೆ ಬಂದಿರುತ್ತದೆ. ಅಮೆರಿಕದಲ್ಲಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1996ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಅಲ್ಲಿನ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬಿದ್ದಿರುತ್ತಾರೆಂದು ಕಂಡುಬಂದಿತ್ತು. ಇದಕ್ಕೆ ಮದ್ದು ದೊಡ್ಡದೇನಲ್ಲ. ದಿನಕ್ಕೆ 20 ನಿಮಿಷದಂತೆ 48 ದಿನ ಓದಿದರೆ 16 ಗಂಟೆಗಳ ಓದಾಗುತ್ತದೆ. ಆ ಇಪ್ಪತ್ತು ನಿಮಿಷವನ್ನು ಜಗಳವಿಲ್ಲದೆ ದಿನದೊಳಗೆ ಕೂಡಿಸುವುದಷ್ಟೇ ನಮ್ಮ ಕೆಲಸ.

ಮೊದಲು ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಮಗಳು ಮೂರನೇ ತರಗತಿ ಮುಗಿಸಿದ ವರ್ಷ ಧಾರವಾಡದ ನಮ್ಮ ಮನೆಯ ಗೋಡೆಗೆ ಒಂದು ವೇಳಾಪಟ್ಟಿ ಅಂಟಿಸಿ, ದಿನಕ್ಕೊಂದು ಪುಸ್ತಕ ಮುಗಿಸಿದರೆ ಹತ್ತು ರೂಪಾಯಿ ಎಂದು ಗೊತ್ತುಮಾಡಿದೆ. ನಾಲ್ಕನೇ ದಿನಕ್ಕೆ ಅವಳು ಅತ್ಯಂತ ತೆಳ್ಳಗಿನ ಪುಸ್ತಕಗಳನ್ನೇ ಹುಡುಕತೊಡಗಿದಳು. ಒಂಬತ್ತನೇ ದಿನ, “ಅಪ್ಪಾ, ಇದನ್ನ ನಿನ್ನೆನೂ ಓದೇನಿ, ಇವತ್ತೂ ಓದೇನಿ, ಇಪ್ಪತ್ತು ರೂಪಾಯಿ ಆಗತೈತೇನು?” ಎಂದು ಕೇಳಿದಳು. ವ್ಯವಹಾರ ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು. ಓದು ಮಾತ್ರ ಹಣ ಬರುವ ಕೂಲಿಯಾಗಿತ್ತು. ಪಟ್ಟಿಯನ್ನು ಅಂದೇ ಕಿತ್ತು ಹಾಕಿದೆ.

ಆ ಪಟ್ಟಿಯ ದೊಡ್ಡ ದೋಷ ಹಣಕ್ಕಿಂತ ಹೆಚ್ಚಾಗಿ ಆಯ್ಕೆಯಲ್ಲಿತ್ತು: ಅದರಲ್ಲಿದ್ದ ಪುಸ್ತಕಗಳನ್ನೆಲ್ಲ ಆರಿಸಿದವನು ನಾನು. ಬಡ ಕುಟುಂಬಗಳ ಮಕ್ಕಳೇ ಹೆಚ್ಚಾಗಿದ್ದ ಫ್ಲೋರಿಡಾದ 17 ಶಾಲೆಗಳಲ್ಲಿ ರಿಚರ್ಡ್ ಆಲಿಂಗ್ಟನ್ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸತತ ಮೂರು ಬೇಸಿಗೆ ಪ್ರತಿ ಮಗುವಿಗೂ 12 ಪುಸ್ತಕಗಳನ್ನು ಕೊಡಲಾಗಿತ್ತು, ಮತ್ತು ಅವನ್ನು ಆರಿಸಿಕೊಂಡವರು ಮಕ್ಕಳೇ. ಹಾಗೆ ಪುಸ್ತಕ ಪಡೆದವರು ಓದಿನಲ್ಲಿ, ಪಡೆಯದ ಮಕ್ಕಳಿಗಿಂತ ಮುಂದಿದ್ದರು. ಆದ್ದರಿಂದ ಅಂಗಡಿಗಾಗಲಿ ಗ್ರಂಥಾಲಯಕ್ಕಾಗಲಿ ಮಗುವನ್ನು ಕರೆದುಕೊಂಡೇ ಹೋಗಬೇಕು. ಧಾರವಾಡದ ಸುಭಾಸ ರಸ್ತೆಯ ಪುಸ್ತಕದಂಗಡಿಗೆ ಹೋದರೆ ನೂರೋ ಇನ್ನೂರೋ ರೂಪಾಯಿಯನ್ನು ಮಗುವಿನ ಕೈಗೇ ಕೊಟ್ಟು, ಅಷ್ಟರೊಳಗೆ ಬೇಕಾದ್ದನ್ನು ಆರಿಸಲು ಬಿಟ್ಟು, ನಾವು ನಮ್ಮ ಪುಸ್ತಕ ನೋಡುತ್ತ ನಿಲ್ಲುವುದು ಒಳ್ಳೆಯದು. ಅದು ಆರಿಸಿದ್ದು ನಗೆಹನಿಗಳ ಪುಸ್ತಕವಾಗಿರಬಹುದು, ದೆವ್ವದ ಕಥೆಯಾಗಿರಬಹುದು, ಬರೀ ಚಿತ್ರಗಳದ್ದೇ ಆಗಿರಬಹುದು. ಮೂಗು ಮುರಿಯಬಾರದು. ಮುಂದಿನ ತರಗತಿಯ ಪಠ್ಯವನ್ನು ರಜೆಯಲ್ಲೇ ಶುರುಮಾಡಿಸುವ ಚಟ ನಮ್ಮಲ್ಲಿ ಅನೇಕರಿಗಿದೆ. ಅದನ್ನು ನಾನು ಒಪ್ಪುವುದಿಲ್ಲ, ಆದರೆ ಅಣ್ಣನ ಹಳೆಯ ಕನ್ನಡ ಪಠ್ಯಪುಸ್ತಕವನ್ನು ಅಟ್ಟದಿಂದ ತಾನಾಗಿಯೇ ಇಳಿಸಿಕೊಂಡು ಬರೀ ಕಥೆಗಳನ್ನು ಓದುವ ತಂಗಿಯನ್ನು ತಡೆಯುವ ಅಗತ್ಯವೂ ಇಲ್ಲ.

ಹಣ ಕೊಟ್ಟು ಕೊಳ್ಳಲೇಬೇಕೆಂದೂ ಇಲ್ಲ. ಹಳ್ಳಿಗಳಲ್ಲಿ ಈಗ ಅರಿವು ಕೇಂದ್ರವೆಂದು ಕರೆಯುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವದ ವ್ಯವಸ್ಥೆಯಾಯಿತು. ಪೇಟೆಯವರಿಗೆ ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳಿವೆ. ಸಾರ್ವಜನಿಕ ಗ್ರಂಥಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ವಾರದ ರಜೆಯಾದ್ದರಿಂದ ಅಂದು ಬಿಸಿಲಲ್ಲಿ ಹೋಗಿ ಬೀಗ ನೋಡಿ ಬರುವುದು ಬೇಡ. ಒಂದು ಗ್ರಂಥಾಲಯದಲ್ಲಿ ಮಕ್ಕಳ ಪುಸ್ತಕಗಳಿದ್ದ ಕಪಾಟಿಗೆ ಬೀಗ ಹಾಕಿದ್ದನ್ನು ಕಂಡು ಕಾರಣ ಕೇಳಿದಾಗ, “ಹುಡುಗ್ರು ಹರೀತಾವ್ರಿ” ಎಂಬ ಉತ್ತರ ಬಂತು. ಅಲ್ಲಿ ವಾದಕ್ಕಿಳಿಯದೆ, ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ವಾರಕ್ಕೆರಡು ಸಲ ಹೋಗಿ ಕೇಳುತ್ತಲೇ ಇದ್ದೆವು. ಮೂರನೇ ವಾರ ಬೀಗ ತೆರೆದೇ ಇತ್ತು. ಇನ್ನು ಓಣಿಯಲ್ಲಿ ಐದು ಮನೆಗಳವರು ತಲಾ ನಾಲ್ಕು ಪುಸ್ತಕ ಒಂದು ಕೈಚೀಲಕ್ಕೆ ಹಾಕಿದರೆ ಇಪ್ಪತ್ತು ಪುಸ್ತಕಗಳಾಗುತ್ತವೆ. ಆ ಚೀಲದ ಲೆಕ್ಕದ ವಹಿಯನ್ನು, ಓದಿನಲ್ಲಿ ಎಲ್ಲರಿಗಿಂತ ಹಿಂದಿರುವ ಮಗುವಿನ ಕೈಗೆ ಕೊಡಿ. ಯಾರು ಯಾವ ಪುಸ್ತಕ ಒಯ್ದರೆಂದು ಬರೆಯುವ ನೆಪದಲ್ಲಿ ಅದು ಹೆಸರುಗಳನ್ನಾದರೂ ದಿನವೂ ಓದುತ್ತದೆ.

ಪುಸ್ತಕ ತಕ್ಕ ಮಟ್ಟದ್ದೇ ಎಂದು ತಿಳಿಯಲು ಬೆರಳಿನ ಲೆಕ್ಕ ಸಾಕು. ಮಗು ಒಂದು ಪುಟ ಓದುತ್ತ ತಿಳಿಯದ ಪದಕ್ಕೊಂದು ಬೆರಳು ಮಡಚಲಿ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ ಆ ಪುಸ್ತಕವನ್ನು ನಾವು ಓದಿ ಹೇಳಬೇಕು, ಅಥವಾ ಸದ್ಯಕ್ಕೆ ಬದಿಗಿಡಬೇಕು.

ಆದರೆ ನಮ್ಮ ಭಾಗದ ಮಕ್ಕಳಿಗೆ ಈ ಲೆಕ್ಕ ಕೆಲವೊಮ್ಮೆ ಮೋಸ ಮಾಡುತ್ತದೆ, ಏಕೆಂದರೆ ಬೆರಳು ಮಡಚಬೇಕಾದ ಕಡೆ ಅವರು ಮಡಚುವುದೇ ಇಲ್ಲ. ಮನೆಯ ಮಾತು ಒಂದು, ಪುಸ್ತಕದ ಕನ್ನಡ ಇನ್ನೊಂದು. ನಾಲ್ಕನೇ ತರಗತಿ ಮುಗಿಸಿದ ನೆರೆಮನೆಯ ಹುಡುಗ ಒಂದು ಕಥೆಯಲ್ಲಿ ಅಜ್ಜ ಬೇಸಿಗೆಯ ಜಾತ್ರೆಯಿಂದ ಕಡಲೆಕಾಯಿ ತಂದನೆಂಬುದನ್ನು ಓದಿ, “ಬ್ಯಾಸಿಗ್ಯಾಗ ಸುಲಗಾಯಿ ಎಲ್ಲಿ ಸಿಗತಾವ್ರಿ, ಕಾಕಾ?” ಎಂದು ಕೇಳಿದ. ಅವನ ಲೆಕ್ಕದಲ್ಲಿ ಕಡಲೆಕಾಯಿಯೆಂದರೆ ಚಳಿಗಾಲದಲ್ಲಿ ಹೊಲದಿಂದ ಕಿತ್ತು ತರುವ ಹಸಿ ಕಡಲೆಯ ಕಾಯಿ. ಕಥೆ ಬರೆದವರ ಲೆಕ್ಕದಲ್ಲಿ ಅದು ಶೇಂಗಾ. ಹುಡುಗ ಒಂದಕ್ಷರವನ್ನೂ ತಪ್ಪಾಗಿ ಓದಿರಲಿಲ್ಲ, ಆದರೂ ಕಥೆ ಅವನಿಗೆ ದಕ್ಕಿರಲಿಲ್ಲ. ಈರುಳ್ಳಿಗೆ ಉಳ್ಳಾಗಡ್ಡಿ, ಜೇಬಿಗೆ ಕಿಸೆ, ಮೊಟ್ಟೆಗೆ ತತ್ತಿ, ತಟ್ಟೆಗೆ ತಾಟು ಎನ್ನುವ ಮನೆಗಳಲ್ಲಿ ಇಂತಹ ಎಡವು ಪುಟಕ್ಕೊಂದಾದರೂ ಇರುತ್ತದೆ. ‘ಹೋಗಾಕತ್ತೇನಿ’ ಎನ್ನುವ ಬಾಯಿಗೆ ‘ಹೋಗುತ್ತಿದ್ದೇನೆ’ ಎಂಬುದು ಉದ್ದನೆಯ, ಯಾರೂ ಆಡದ ಮಾತಾಗಿ ಕಾಣುತ್ತದೆ.

ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಎರಡು ಸಲ ಹೇಳುವುದು. ಒಂದು ಪುಟವನ್ನು ಪುಸ್ತಕದಲ್ಲಿ ಇದ್ದಂತೆಯೇ, ಸಾಲಿನ ಕೆಳಗೆ ಬೆರಳಾಡಿಸುತ್ತ ಗಟ್ಟಿಯಾಗಿ ಓದಬೇಕು; ಬಳಿಕ ಅದನ್ನೇ ಮನೆಯ ಮಾತಿನಲ್ಲಿ ಮಗು ತಿರುಗಿ ಹೇಳಬೇಕು. ಅಂತೆಯೇ ಒಂದು ಸಾಲು ನಾನು, ಮುಂದಿನ ಸಾಲು ನೀನು ಎಂದು ಸರದಿಯಲ್ಲಿ ಓದಿದರೆ ತಡವರಿಸುವ ಮಗುವಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಹಳೆಯ ನೋಟುಬುಕ್ಕಿನಲ್ಲಿ ಉಳಿದ ಖಾಲಿ ಹಾಳೆಗಳಿಗೆ ನಡುವೆ ಗೆರೆ ಎಳೆದು ಎಡಕ್ಕೆ ಪುಸ್ತಕದ ಪದ, ಬಲಕ್ಕೆ ನಮ್ಮ ಪದ ಬರೆಯುವ ಆಟವನ್ನೂ ಆಡಬಹುದು. ನಮ್ಮ ಮಾತು ತಪ್ಪು, ಪುಸ್ತಕದ್ದು ಸರಿ ಎಂಬ ಭಾವನೆ ಮಾತ್ರ ಮಗುವಿಗೆ ಬರಬಾರದು. ಸಾಧನಕೇರಿಯ ದ.ರಾ. ಬೇಂದ್ರೆಯವರು ಇದೇ ಧಾರವಾಡದ ಆಡುಮಾತನ್ನು ಕಾವ್ಯದ ಮಾತಾಗಿಸಿದವರೆಂಬುದನ್ನು ಅದಕ್ಕೆ ತಿಳಿಸಿ, ಅವರದೊಂದು ಹಾಡನ್ನು ಓದಲು ಕೊಟ್ಟರೆ ಅಕ್ಷರಕ್ಕೂ ಬಾಯಿಗೂ ಇರುವ ದೂರ ಅಂದಿನ ಮಟ್ಟಿಗಾದರೂ ಇಲ್ಲವಾಗುತ್ತದೆ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಕನ್ನಡದ ಓದಿನಲ್ಲಿ ಎರಡು ತರಗತಿಯಷ್ಟು ಹಿಂದಿದ್ದರೆ ಚಿಕ್ಕವರ ಪುಸ್ತಕದಿಂದಲೇ ಶುರುಮಾಡಿಸಿ. ಮೂರೇ ಸಾಲಿನ ಸರ್ವಜ್ಞನ ತ್ರಿಪದಿ ಮತ್ತು ಚಿಕ್ಕ ವಚನಗಳು ಅಂತಹವರಿಗೆ ಚೆನ್ನಾಗಿ ಒದಗುತ್ತವೆ.

ಹೊತ್ತಿನ ವಿಷಯದಲ್ಲಿ ಬಿಸಿಲೇ ನಮಗೆ ನೆರವಾಗುತ್ತದೆ. ಮುಂಜಾನೆ ಮತ್ತು ಸಂಜೆ ಮಕ್ಕಳವು; ಆಗ ಪುಸ್ತಕದ ಹೆಸರೆತ್ತಿದರೆ ಪುಸ್ತಕವೇ ವೈರಿಯಾಗುತ್ತದೆ. ಊಟ ಮುಗಿದ ಮೇಲೆ, ಒಂದರಿಂದ ನಾಲ್ಕು ಗಂಟೆಯವರೆಗೆ ಹೊರಗೆ ಕಾಲಿಡಲಾಗದ ಹೊತ್ತಿನಲ್ಲಿ, ಪಡಸಾಲೆಯ ತಂಪು ನೆಲದ ಮೇಲೆ ಚಾಪೆಯ ಪಕ್ಕದಲ್ಲಿ ನಾಲ್ಕು ಪುಸ್ತಕಗಳು ಕೈಗೆ ಸಿಗುವಂತೆ ಬಿದ್ದಿರಲಿ. ಗಾಜಿನ ಕಪಾಟಿನಲ್ಲಿಟ್ಟ ಪುಸ್ತಕ ನೆಂಟರು ನೋಡಲಿಕ್ಕೆ ಮಾತ್ರ. ಆ ಹೊತ್ತಿನಲ್ಲಿ ಮನೆಯ ದೊಡ್ಡವರೊಬ್ಬರು ತಾವೂ ಏನನ್ನಾದರೂ ಓದುತ್ತ ಅಡ್ಡಾಗಬೇಕು; ನಾವು ಮೊಬೈಲ್ ತೀಡುತ್ತ ಮಗುವಿಗೆ ಓದು ಎಂದರೆ ಅದು ನಡೆಯುವುದಿಲ್ಲ.

ಅಜ್ಜಿಯ ಊರಿಗೆ ಹೋಗುವಾಗ ಎರಡು ಪುಸ್ತಕಗಳು ಬಟ್ಟೆಯ ಚೀಲದಲ್ಲಿರಲಿ, ಮತ್ತು ಅವುಗಳಲ್ಲಿ ಒಂದಾದರೂ ಅಜ್ಜಿಗೆ ಹಿಡಿಸುವಂಥದ್ದಾಗಿರಲಿ. ಕಳೆದ ಬೇಸಿಗೆಯಲ್ಲಿ ರೋಣ ತಾಲ್ಲೂಕಿನ ನಮ್ಮ ಬೀಗರ ಮನೆಯಲ್ಲಿ ನಾಲ್ಕು ಜನ ಹೆಂಗಸರು ಶಾವಿಗೆ ಮಾಡುತ್ತಿದ್ದರು. ಹಿಟ್ಟು ನಾದುವವರು, ಹೊಸೆಯುವವರು, ಎಳೆಗಳನ್ನು ಕೋಲಿನ ಮೇಲೆ ಹರವುವವರು ಎಂದು ಎಲ್ಲರ ಕೈಗಳಿಗೂ ಕೆಲಸವಿತ್ತು, ಕಿವಿಗಳು ಖಾಲಿ ಇದ್ದವು. ಕಣ್ಣಿನ ಪೊರೆ ಬಂದ ಅಜ್ಜಿ ಮಗಳನ್ನು ಕರೆದು, “ಒಂದು ಕತಿ ಓದಬೇ, ಕೈಗೆ ಬ್ಯಾಸರ ಬರೂದಿಲ್ಲ” ಎಂದರು. ಮಗಳು ತಡವರಿಸಿದಾಗ ಯಾರೂ ತಿದ್ದಲಿಲ್ಲ, “ಆಮ್ಯಾಲ ಏನಾತು?” ಎಂದಷ್ಟೇ ಕೇಳಿದರು. ಹತ್ತು ರೂಪಾಯಿಗೆ ಓದದಿದ್ದ ಹುಡುಗಿ ಅಂದು ಮುಕ್ಕಾಲು ಗಂಟೆ ಓದಿದಳು. ಓದಿ ಹೇಳುವುದು ಮನೆಗೆ ನಿಜವಾಗಿ ಬೇಕಾದ ಒಂದು ಕೆಲಸವಾದರೆ ಮಗು ಅದನ್ನು ಕೆಲಸದಂತೆಯೇ ಹೆಮ್ಮೆಯಿಂದ ಮಾಡುತ್ತದೆ.

ಪುಸ್ತಕವೆಂದರೆ ದೂರ ಓಡುವ ಹುಡುಗರಿಗೆ ಐಪಿಎಲ್ ಪಂದ್ಯಗಳಿರುವ ಈ ತಿಂಗಳುಗಳೇ ಅನುಕೂಲ. ರಾತ್ರಿ ಪಂದ್ಯ ನೋಡಿದವನು ಬೆಳಿಗ್ಗೆ ಅದರ ವರದಿಯನ್ನು ಪತ್ರಿಕೆಯ ಕ್ರೀಡಾಪುಟದಲ್ಲಿ ಓದಲಿ. ಏನಾಯಿತೆಂದು ಮೊದಲೇ ಗೊತ್ತಿರುವುದರಿಂದ ಕಠಿಣ ಪದಗಳೂ ಅವನನ್ನು ನಿಲ್ಲಿಸುವುದಿಲ್ಲ. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನಲ್ಲಿ ಹೋಗುವಾಗ ನಿಲ್ದಾಣದ ಹೆಸರುಗಳನ್ನು ಓದಿ ಹೇಳುವ ಹೊಣೆಯನ್ನು ಚಿಕ್ಕವರಿಗೆ ವಹಿಸಬಹುದು. ಗದುಗಿನ ವೀರನಾರಾಯಣ ಗುಡಿಗೆ ಕರೆದೊಯ್ದರೆ, ಕುಮಾರವ್ಯಾಸ ಕುಳಿತು ಬರೆದನೆಂದು ಜನ ನಂಬುವ ಕಂಬವನ್ನು ತೋರಿಸಿ, ಮನೆಗೆ ಬಂದು ಒಂದು ಷಟ್ಪದಿಯನ್ನು ಜೊತೆಗೆ ಓದಿ.

ಮೊಬೈಲನ್ನು ಪೂರ್ತಿ ದೂರವಿಡಲಾಗದ ಮನೆಗಳಲ್ಲಿ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣ ಉಪಯೋಗಕ್ಕೆ ಬರುತ್ತದೆ. ಕನ್ನಡದ ಸಚಿತ್ರ ಕಥೆಗಳು ಅಲ್ಲಿ ಓದಿನ ನಾಲ್ಕು ಮಟ್ಟಗಳಲ್ಲಿ ಉಚಿತವಾಗಿ ಸಿಗುತ್ತವೆ. ಹಳ್ಳಿಯಲ್ಲಿ ನೆಟ್‌ವರ್ಕ್ ಕೈಕೊಡುವುದರಿಂದ ಹೊರಡುವ ಮುನ್ನವೇ ಇಳಿಸಿಕೊಂಡಿರಬೇಕು.

ಓದಿ ಮುಗಿಸಿದೊಡನೆ ‘ಏನು ತಿಳಿಯಿತು, ನೀತಿ ಏನು’ ಎಂದು ಕೇಳುವ ಅಭ್ಯಾಸವನ್ನು ರಜೆ ಮುಗಿಯುವವರೆಗೆ ಬಿಡಬೇಕು. ಮಗು ತಾನಾಗಿ ಹೇಳಿದರೆ ಕೇಳಿ. ಇಲ್ಲವಾದರೆ, ಯಾವ ಭಾಗಕ್ಕೆ ನಗು ಬಂತೆಂದು ಒಂದು ಮಾತು ಸಾಕು. ಒಂದೇ ಪುಸ್ತಕವನ್ನು ಐದನೇ ಸಲ ಓದುತ್ತಿದ್ದರೆ ಆತಂಕ ಬೇಡ, ಓಟ ಸರಾಗವಾಗುವುದು ಹಾಗೆಯೇ. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡುವ ಹಕ್ಕು ದೊಡ್ಡವರಿಗಿರುವಂತೆ ಮಕ್ಕಳಿಗೂ ಇರಲಿ.

ಮೇ ಕೊನೆಯ ವಾರ ಸಮವಸ್ತ್ರ, ನೋಟುಬುಕ್ಕು, ರಟ್ಟು ಹಾಕುವ ಗಡಿಬಿಡಿಯಲ್ಲಿ ಗ್ರಂಥಾಲಯದ ಪುಸ್ತಕಗಳನ್ನು ಮರೆಯುವುದುಂಟು. ಅವನ್ನು ಹಿಂದಿರುಗಿಸುವ ಮುನ್ನ ಒಮ್ಮೆ ಹಾಳೆ ತಿರುವಿ ನೋಡಿ. ನಡುವೆ ಗುರುತಿಗಾಗಿ ಇಟ್ಟ ಬಸ್ ಟಿಕೆಟ್ ಇನ್ನೂ ಇದ್ದರೆ ಆ ಪುಸ್ತಕದ ಅವಧಿಯನ್ನು ಹದಿನೈದು ದಿನ ಮುಂದಕ್ಕೆ ಹಾಕಿಸಿಕೊಂಡು ಬನ್ನಿ.