ಸಂಬಳ ಮೊದಲು, ದಾನ ಕೊನೆಗೆ: ಕಸುಬಿನ ಲೆಕ್ಕದಲ್ಲಿ ಬುದ್ಧನ ನೀತಿ

ನಾಲ್ಕಾರು ಜನ ದುಡಿಯುವ ಕಾರ್ಯಾಗಾರವನ್ನು ಧಮ್ಮಕ್ಕೆ, ಅಂದರೆ ಬುದ್ಧನ ಬೋಧನೆಗೆ, ಹೊಂದಿಸಲು ಹೊರಟವರು ಸಾಮಾನ್ಯವಾಗಿ ದಾನದಿಂದ ಶುರು ಮಾಡುತ್ತಾರೆ. ನಾನು ಹಿಡಿದದ್ದು ಸಂಬಳದ ಪುಸ್ತಕವನ್ನು. ಬುದ್ಧನ ಉಪದೇಶಗಳ ಪಾಲಿ ಸಂಗ್ರಹಗಳಲ್ಲೊಂದಾದ ಅಂಗುತ್ತರ ನಿಕಾಯದ ಆದಿಯ ಸುತ್ತದಲ್ಲಿ (ಸುತ್ತ ಎಂದರೆ ಉಪದೇಶ) ಬುದ್ಧ ತನ್ನ ಶಿಷ್ಯನಾದ ವ್ಯಾಪಾರಿ ಅನಾಥಪಿಂಡಿಕನಿಗೆ ಸಂಪತ್ತಿನ ಐದು ಬಳಕೆಗಳನ್ನು ಹೇಳುತ್ತಾನೆ. ತಂದೆತಾಯಿ, ಹೆಂಡತಿ ಮಕ್ಕಳ ಜೊತೆಗೆ ಆಳುಗಳೂ ಮೊದಲನೆಯದರಲ್ಲೇ ಬರುತ್ತಾರೆ; ಶ್ರಮಣ ಬ್ರಾಹ್ಮಣರಿಗೆ ಕೊಡುವ ದಾನ ಐದನೆಯದು.

ಇನ್ನೊಂದು ಸಂಗ್ರಹವಾದ ದೀಘ ನಿಕಾಯದ ಸಿಗಾಲೋವಾದ ಸುತ್ತ ಯಜಮಾನನಿಗೆ ಐದು ಕರ್ತವ್ಯ ಹಾಕುತ್ತದೆ: ಬಲಕ್ಕೆ ತಕ್ಕ ಕೆಲಸ, ಊಟ ಮತ್ತು ಸಂಬಳ, ಕಾಯಿಲೆಯಲ್ಲಿ ಆರೈಕೆ, ರುಚಿಯಾದದ್ದರಲ್ಲಿ ಪಾಲು, ಹೊತ್ತಿಗೆ ಬಿಡುವು. ಇವನ್ನೇ ಪುಸ್ತಕದ ಐದು ಕಾಲಂ ಮಾಡಿಕೊಂಡೆ. ‘ರುಚಿಯಾದದ್ದು’ ಎಂಬುದನ್ನು ಲಾಭದ ಪಾಲು ಎಂದು ಓದಿಕೊಂಡದ್ದು ನನ್ನ ಅರ್ಥ, ಸುತ್ತದ್ದಲ್ಲ. ಎಡವಟ್ಟಾಗುವುದು ಕಾಯಿಲೆಯ ಕಾಲಂನಲ್ಲಿ. ರಜೆಯ ಸಂಬಳ ಕೊಟ್ಟು, ಆ ಕೆಲಸವನ್ನು ಉಳಿದವರ ತಲೆಗೆ ಕಟ್ಟಿದರೆ ಆರೈಕೆ ಮಾಡಿದವರು ಅವರು, ನಾವಲ್ಲ. ಅದಕ್ಕೇ ಆ ದಿನಗಳಿಗೆ ಹೊರಗಿನ ಆಳನ್ನು ಕರೆದು, ಆ ಕೂಲಿಯನ್ನು ಆಪದ್ಧನದಿಂದ ತೆಗೆಯುತ್ತೇನೆ.

ಆಪದ್ಧನ ಬರುವುದು ಅದೇ ಸಿಗಾಲೋವಾದ ಸುತ್ತದ ಪದ್ಯವೊಂದು ಹೇಳುವ, ಗಳಿಕೆಯ ನಾಲ್ಕು ಪಾಲಿನಿಂದ: ಒಂದು ಪಾಲು ಉಂಡು ಅನುಭವಿಸಲು, ಎರಡು ಕಸುಬಿಗೆ, ನಾಲ್ಕನೆಯದು ಆಪತ್ತಿಗೆ. ಸಂಬಳ, ಬಾಡಿಗೆ, ಕಚ್ಚಾ ಮಾಲಿನ ಖರ್ಚು ಕಳೆದು ಉಳಿದ ಪ್ರತಿ ನೂರರಲ್ಲಿ 25 ಮನೆಗೆ, 50 ಹತಾರ, ದುರಸ್ತಿ, ಕಲಿಕೆಗೆ, 25 ಆಪತ್ತಿಗೆ. ಪದ್ಯದಲ್ಲಿ ದಾನದ ಹೆಸರಿಲ್ಲ. ಸುತ್ತಕ್ಕೆ ಬರೆದ ಹಳೆಯ ವ್ಯಾಖ್ಯಾನವಾದ ಅಟ್ಟಕಥೆ ಅದನ್ನು ಮೊದಲ ಪಾಲಿಗೇ ಸೇರಿಸುತ್ತದೆ, ಅಂದರೆ ದಾನ ನನ್ನ ಊಟದಿಂದ ಹೋಗಬೇಕು, ಕಸುಬಿನಿಂದಲ್ಲ. ಸುಗ್ಗಿಯಲ್ಲಿ ಮಾತ್ರ ದುಡ್ಡು ಕಾಣುವ ಕಸುಬಿನಲ್ಲಿ ತಿಂಗಳಿಗೊಮ್ಮೆ ಹಂಚಿದರೆ ಲೆಕ್ಕ ಕೆಡುತ್ತದೆ. ಮೂರು ತಿಂಗಳದ್ದನ್ನು ಒಟ್ಟಿಗೆ ನೋಡಿ. ಇನ್ನು, ಈ ಸೂತ್ರವನ್ನು ಬರಿ ಕೂಲಿಯಲ್ಲಿ ಬದುಕುವವರಿಗೆ ಉಪದೇಶಿಸಬೇಡಿ. ಹೊಟ್ಟೆಗೇ ಸಾಲದ ಕೂಲಿಯಲ್ಲಿ ಮುಕ್ಕಾಲು ತೆಗೆದಿಡು ಅನ್ನುವುದು ಧಮ್ಮವಲ್ಲ, ಹಂಗಿಸುವುದು.

ಹೆಚ್ಚು ಎಚ್ಚರ ಬೇಕಾದದ್ದು ಮುಂಗಡ. ಅಂಗುತ್ತರದ ಇಣ ಸುತ್ತದಲ್ಲಿ ಬಡತನದಿಂದ ಸಾಲ, ಸಾಲದಿಂದ ಬಡ್ಡಿ, ಆಮೇಲೆ ತಗಾದೆ, ಬೆನ್ನಟ್ಟುವಿಕೆ, ಕೊನೆಗೆ ಬಂಧನ, ಹೀಗೆ ಸರಪಳಿಯೇ ಇದೆ. ಬಡ್ಡಿಯ ಕೊಂಡಿ ತೆಗೆದರೆ ಸಾಕು ಅಂದುಕೊಂಡವರೇ ಹೆಚ್ಚು. ಸಾಲದು. ‘ಮುಂಗಡ ತೀರಿಸಿ ಹೋಗು’ ಎಂಬ ಒಂದು ಮಾತಿನಿಂದ ಬಡ್ಡಿಯಿಲ್ಲದ ಸಾಲವೂ ಜೀತವಾಗುತ್ತದೆ. ನನ್ನ ಕಟ್ಟುಪಾಡು: ಬಡ್ಡಿ ಇಲ್ಲ, ತಿಂಗಳ ಮುರಿತ ಸಂಬಳದ ಹತ್ತನೇ ಒಂದು ಭಾಗ ಮೀರುವಂತಿಲ್ಲ, ಮುಂಗಡಕ್ಕೂ ಸಂಬಳಕ್ಕೂ ಬೇರೆ ಬೇರೆ ಪುಸ್ತಕ. ಬಿಟ್ಟು ಹೋಗುವವರಿಗೆ ಕೊನೆಯ ಸಂಬಳ ಪೂರ್ತಿ ಕೈಗೆ ಹೋಗುತ್ತದೆ, ಬಾಕಿ ಕಂತಿನಲ್ಲಿ ಬರುತ್ತದೆ. ಕೆಲವೊಮ್ಮೆ ಬರುವುದಿಲ್ಲ. ಆ ನಷ್ಟವೂ ಆಪದ್ಧನದ ಲೆಕ್ಕಕ್ಕೇ.

ಸಂಬಳ ಹೆಚ್ಚಿಸುವಾಗ ಚಕ್ಕವತ್ತಿ ಸೀಹನಾದ ಸುತ್ತ ನೆನಪಿರಲಿ. ಅಲ್ಲಿನ ರಾಜ ಬಡವರಿಗೆ ಮೊದಲೇ ಧನ ಕೊಡಲಿಲ್ಲ. ಕದ್ದು ಸಿಕ್ಕಿಬಿದ್ದವನಿಗೆ ಕೊಟ್ಟ, ಅದನ್ನು ಕೇಳಿ ಇನ್ನಷ್ಟು ಜನ ಕದ್ದರು. ಆಮೇಲೆ ರಾಜ ಕದ್ದವನ ತಲೆ ಕಡಿಸಿದ, ಕಳ್ಳರೂ ಕತ್ತಿ ಹಿಡಿದರು. ಗದ್ದಲ ಮಾಡಿದವರಿಗಷ್ಟೇ ಹೆಚ್ಚಿಸುವ ಯಜಮಾನನದೂ ಅದೇ ಎಡವಟ್ಟು. ವರ್ಷಕ್ಕೊಂದು ಗೊತ್ತಾದ ದಿನ, ಎಲ್ಲರಿಗೂ, ಕೇಳುವ ಮೊದಲು.

ದಾನದ ಕಾಲಂ ಕೊನೆಯ ಪುಟದಲ್ಲಿದೆ. ಯಾರದಾದರೂ ಸಂಬಳ ಬಾಕಿಯಿರುವ ತಿಂಗಳು ಅದು ಖಾಲಿ.